ಎರಡನೇ ಬ್ಯಾಟರಿ: ಲೋಕಲ್ ಸಾಕೋ, ಕಂಪನಿಯದೇ ಬೇಕೋ?

ಮುಳ್ಳೋಡಿಯಿಂದ ಕುದುರೆಮುಖದ ತುದಿ ಮುಟ್ಟಿ ಮರಳಲು ಸುಮಾರು 20 ಕಿಲೋಮೀಟರ್ ನಡೆಯಬೇಕು. ಬೆಳಿಗ್ಗೆ ಹೊರಟವರು ಇಳಿಯುವಾಗ ಸಂಜೆಯಾಗುತ್ತದೆ. ಎದೆಗೆ ಬಿಗಿದುಕೊಂಡ ಆಕ್ಷನ್ ಕ್ಯಾಮೆರಾ ಮಾತ್ರ ಒಂದೂವರೆ ಗಂಟೆ ಬಿಡದೆ ಓಡಿದರೆ ಕಣ್ಣು ಮುಚ್ಚುತ್ತದೆ. 2004ರಲ್ಲಿ ಬಂದ ಮೊಟ್ಟಮೊದಲ ಗೋಪ್ರೊ ರೀಲು ಹಾಕುವ ಕ್ಯಾಮೆರಾ. ಅದಕ್ಕೆ ಚಾರ್ಜು ಎಂಬ ತಲೆಬಿಸಿಯೇ ಇರಲಿಲ್ಲ. ಈಗ ಚಾರ್ಮಾಡಿ ಘಾಟಿ ಹತ್ತುವ ಬೈಕಿನವರ ಹೆಲ್ಮೆಟ್ಟಿನಲ್ಲಿ, ಝರಿ ನೋಡಲು ಹೋಗುವ ಜೀಪಿನ ಬಾನೆಟ್ಟಿನಲ್ಲಿ, ಹೂ ಬಿಟ್ಟ ಕಾಫಿ ತೋಟವನ್ನು ಯೂಟ್ಯೂಬಿಗೆ ತೋರಿಸುವ ಬೆಳೆಗಾರರ ಟೋಪಿಯಲ್ಲಿ ಈ ಪುಟ್ಟ ಡಬ್ಬಿ ಕೂತಿದೆ. ಎಲ್ಲರಿಗೂ ಇನ್ನೊಂದು ಬ್ಯಾಟರಿ ಬೇಕು. ಯಾವುದು ಎಂಬುದೇ ಜಗಳ.

ಚರ್ಚೆಗೆ ಇಟ್ಟ ಮಾತು ಇದು: ಮಲೆನಾಡಿನಲ್ಲಿ ಆಕ್ಷನ್ ಕ್ಯಾಮೆರಾ ಬಳಸುವವರಿಗೆ ಬೇರೆ ಕಂಪನಿಯ ಅಗ್ಗದ ಬ್ಯಾಟರಿ, ಚಾರ್ಜರ್ ಸಾಕು. ಸಾಕು ಎನ್ನುವವರು ಕಳಸದ ಹತ್ತಿರ ಹೋಂಸ್ಟೇ ನಡೆಸುವ ಯುವಕ. ಸಾಲದು ಎನ್ನುವವರು ಮೂಡಿಗೆರೆಯಲ್ಲಿ ಬಹಳ ವರ್ಷಗಳಿಂದ ರಿಪೇರಿ ಅಂಗಡಿ ಇಟ್ಟಿರುವ ಹಿರಿಯರು.

ಪರ: ಮೂಗಿಗಿಂತ ಮೂಗುತಿ ಭಾರವಾಗಬಾರದು

ಮೊದಲು ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಕ್ಯಾಮೆರಾ ಕೊಂಡಾಗ ಡಬ್ಬದೊಳಗೆ ಬರುವುದು ಒಂದು ಬ್ಯಾಟರಿ. ದಿನವಿಡೀ ಬೆಟ್ಟ ಹತ್ತುವವರಿಗೆ ಇನ್ನೆರಡಾದರೂ ಬೇಕು. ಕಂಪನಿಯ ಒಂದು ಬ್ಯಾಟರಿಯ ಬೆಲೆಗೆ ಬೇರೆಯವರ ಎರಡು ಬ್ಯಾಟರಿ, ಮೇಲೆ ಎರಡನ್ನೂ ಒಟ್ಟಿಗೆ ಚಾರ್ಜ್ ಮಾಡುವ ಚಾರ್ಜರ್ ಸಿಗುತ್ತದೆ. ನನ್ನ ಹಾಗೆ ಹಳೇ ಕ್ಯಾಮೆರಾವನ್ನು ಸೆಕೆಂಡ್ ಹ್ಯಾಂಡ್ ಕೊಂಡವರು ಕಂಪನಿಯ ಬ್ಯಾಟರಿ ಎರಡು ಕೊಂಡರೆ, ಮೂಗಿಗಿಂತ ಮೂಗುತಿಯೇ ಭಾರ.

ಎರಡನೆಯದು, ನಮ್ಮ ಜಾಗ. ಬೆಂಗಳೂರಿನಲ್ಲಿ ಕೂತವರಿಗೆ ಬ್ಯಾಟರಿ ಮುಗಿದರೆ ಗೋಡೆಯಲ್ಲಿ ಪ್ಲಗ್ ಇದೆ. ನಮ್ಮಲ್ಲಿ ಆಷಾಢದ ಗಾಳಿಗೆ ಒಂದು ಸಿಲ್ವರ್ ಮರ ಲೈನಿನ ಮೇಲೆ ಒರಗಿದರೆ ಮುಗಿಯಿತು, ಕರೆಂಟು ಇವತ್ತು ಬರಬಹುದು, ನಾಳಿದ್ದೂ ಬರಬಹುದು. ಆಗ ಬೇಕಾಗುವುದು ಒಂದು ಶ್ರೇಷ್ಠ ಬ್ಯಾಟರಿ ಅಲ್ಲ, ತುಂಬಿಟ್ಟ ನಾಲ್ಕು ಸಾಧಾರಣ ಬ್ಯಾಟರಿ. ಇದ್ದಾಗ ತುಂಬಿಸಿಡುವುದು, ಇಲ್ಲದಾಗ ಬಳಸುವುದು. ಸೌದೆಯನ್ನೂ ನಾವು ಹೀಗೇ ಅಲ್ಲವೇ ಕೂಡಿಡುವುದು?

ಕೆಲವು ದೃಶ್ಯಗಳು ಕಾಯುವುದೂ ಇಲ್ಲ. ಹೂಮಳೆ ಬಿದ್ದು ಒಂದು ವಾರ ಕಳೆದರೆ ತೋಟ ಬೆಳ್ಳಗಾಗುತ್ತದೆ. ಆ ಬಿಳುಪು ಮೂರ್ನಾಲ್ಕು ದಿನದ ವೈಭವ. ಆ ಬೆಳಿಗ್ಗೆ ಬ್ಯಾಟರಿ ಖಾಲಿ ಎಂದರೆ ಮುಂದಿನ ವರ್ಷದ ತನಕ ಕಾಯಬೇಕು.

ಇನ್ನು ‘ಲೋಕಲ್’ ಎಂಬ ಬೈಗುಳ. ಕಳೆ ಹೊಡೆಯುವ ಮೆಷಿನ್ನಿನ ಬ್ಲೇಡು, ಸ್ಪ್ರೇಯರಿನ ವಾಷರು, ಜೀಪಿನ ಬ್ರೇಕ್ ಕೇಬಲ್ಲು, ಎಲ್ಲವನ್ನೂ ಕಂಪನಿಯದೇ ಹಾಕುತ್ತೇವೆಯೇ? ಎಲ್ಲಿ ಲೋಕಲ್ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬ ಅಂದಾಜು ಇಲ್ಲದಿದ್ದರೆ ಮಲೆನಾಡಿನಲ್ಲಿ ಒಂದು ಗಾಡಿಯೂ ಓಡುತ್ತಿರಲಿಲ್ಲ. ಬ್ಯಾಟರಿಯೊಳಗೆ ಇರುವುದು ಒಂದು ಲಿಥಿಯಂ ಸೆಲ್, ಅದನ್ನು ಕಾಯುವ ಒಂದು ಪುಟ್ಟ ಸರ್ಕ್ಯೂಟು. ಕ್ಯಾಮೆರಾ ಕಂಪನಿಗಳೂ ಸಾಮಾನ್ಯವಾಗಿ ಸೆಲ್ಲನ್ನು ಬೇರೆ ತಯಾರಕರಿಂದಲೇ ತರಿಸುತ್ತವೆ. ದೊಡ್ಡ ಹೆಸರು ಇದ್ದ ಮಾತ್ರಕ್ಕೆ ರಕ್ಷೆ ಸಿಗುವುದಿಲ್ಲ ಎಂಬುದಕ್ಕೆ 2016ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಸಾಕ್ಷಿ. ಬೆಂಕಿ ಹತ್ತಿದ್ದು ಅದರ ಒರಿಜಿನಲ್ ಬ್ಯಾಟರಿಗೇ.

ಹಾಗೆಂದು ಕಣ್ಣು ಮುಚ್ಚಿ ಕೊಳ್ಳಿ ಎನ್ನುತ್ತಿಲ್ಲ. ನಾನು ನೋಡುವುದು ಮೂರು. ತಯಾರಕರು ತಮ್ಮದೇ ಹೆಸರು ಹಾಕಿರಬೇಕು. ಕ್ಯಾಮೆರಾ ಕಂಪನಿಯ ಹೆಸರನ್ನು ಕದ್ದು ಅಚ್ಚು ಹಾಕಿದ ಅರ್ಧ ಬೆಲೆಯ ‘ಒರಿಜಿನಲ್’ ಎಲ್ಲಕ್ಕಿಂತ ಕೆಟ್ಟದ್ದು. ಲಿಥಿಯಂ ಬ್ಯಾಟರಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯವಾಗಿರುವುದರಿಂದ ಐಎಸ್ 16046 ಎಂಬ ಗುರುತು, ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ತಿಳಿಯುತ್ತದೆ. ಮೂರನೆಯದು, ಅದು ನಮ್ಮ ಕ್ಯಾಮೆರಾಕ್ಕೇ ಹೊಂದಬೇಕು. ಗೋಪ್ರೊ ಹೀರೊ 9ರಿಂದ 12ರ ತನಕ ಒಂದೇ ಅಳತೆಯ ಬ್ಯಾಟರಿ, 13ಕ್ಕೆ ಬೇರೆ. ಇದನ್ನು ನೋಡದೆ ತರಿಸಿ ಪೆಚ್ಚಾದವರು ನಮ್ಮ ಹೋಂಸ್ಟೇಗೇ ಬಂದಿದ್ದಾರೆ.

ಕೊನೆಗೊಂದು ಸಣ್ಣ ಮಾತು. ಹಳ್ಳ ದಾಟುವಾಗ ಕೈ ಜಾರಿ ನನ್ನ ಒಂದು ಬ್ಯಾಟರಿ ಭದ್ರೆಯ ಪಾಲಾಯಿತು. ಅಗ್ಗದ್ದಾಗಿತ್ತು, ನಕ್ಕು ಮುಂದೆ ಹೋದೆ. ಕಂಪನಿಯದಾಗಿದ್ದರೆ ಇವತ್ತಿಗೂ ಹೊಳೆಯಲ್ಲೇ ಹುಡುಕುತ್ತಿರುತ್ತಿದ್ದೆ.

ವಿರೋಧ: ಮೂಟೆಯ ತೂಕ ನೋಡಬೇಡ, ಓ.ಟಿ. ನೋಡು

ತಮ್ಮ ಬರೆದದ್ದು ಓದಲು ಚೆನ್ನಾಗಿದೆ. ಆದರೆ ನದಿಗೆ ಬಿದ್ದ ಬ್ಯಾಟರಿ ರಿಪೇರಿಗೆ ಬರುವುದಿಲ್ಲ ಮಾರಾಯ. ನನ್ನ ಮೇಜಿಗೆ ಬರುವುದು ಕ್ಯಾಮೆರಾದೊಳಗೆ ಉಬ್ಬಿ ಕೂತ ಬ್ಯಾಟರಿ. ಎಳೆದರೆ ಬರುವುದಿಲ್ಲ, ಚೂಪಾದದ್ದು ಹಾಕಿ ಮೀಟಿದರೆ ತೂತಾಗಿ ಹೊಗೆ ಬರುವ ಭಯ. ಬೆಲೆ ಉಳಿಸಿದ್ದು ಬ್ಯಾಟರಿಯಲ್ಲಿ, ತೆತ್ತದ್ದು ಕ್ಯಾಮೆರಾದಲ್ಲಿ.

ಬೆಳೆಗಾರರಿಗೆ ಬೆಳೆಗಾರರ ಭಾಷೆಯಲ್ಲೇ ಹೇಳುತ್ತೇನೆ. ಚೆರ್ರಿ ಮಾರುವಾಗ 50 ಕೆ.ಜಿ. ಮೂಟೆ ಎಂದರೆ ವ್ಯಾಪಾರಿ ಒಪ್ಪುತ್ತಾನೆಯೇ? ಸ್ಯಾಂಪಲ್ ತೆಗೆದು ಸಿಪ್ಪೆ ಬಿಡಿಸಿ, ಮೂಟೆಗೆ ಎಷ್ಟು ಕಾಫಿ ಬೀಳುತ್ತದೆ ಎಂದು ಓ.ಟಿ. ನೋಡಿಯೇ ರೇಟು ಕಟ್ಟುತ್ತಾನೆ. ಬ್ಯಾಟರಿಯ ಮೇಲೆ ಅಚ್ಚಾದ ಎಂಎಎಚ್ ಎಂಬುದು ಮೂಟೆಯ ತೂಕ. ಒಳಗಿನಿಂದ ನಿಜಕ್ಕೂ ಹೊರಬರುವುದು ಓ.ಟಿ. ಗೋಪ್ರೊ 12ರ ಬ್ಯಾಟರಿ 1720 ಎಂಎಎಚ್. ಅದೇ ಅಳತೆಯ ಡಬ್ಬಿಯ ಮೇಲೆ ಒಬ್ಬ ಅದಕ್ಕಿಂತ ಬಹಳ ಹೆಚ್ಚು ಬರೆದು ಅರ್ಧ ಬೆಲೆಗೆ ಮಾರುತ್ತಿದ್ದರೆ, ಅವನ ಕಾಫಿಯಲ್ಲಿ ಕಲ್ಲಿದೆ ಎಂದೇ ಅರ್ಥ.

ಹೊಂದುವುದು ಎಂದರೆ ಅಳತೆ ಮಾತ್ರವಲ್ಲ. ಸಾಮಾನ್ಯ ಲಿಥಿಯಂ ಸೆಲ್ 3.7 ವೋಲ್ಟಿನದು, 4.2ಕ್ಕೆ ತುಂಬುತ್ತದೆ. ಇಂಥ ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಇರುವುದು 3.85 ವೋಲ್ಟಿನದು, ಅದನ್ನು 4.4ರ ಆಸುಪಾಸಿಗೆ ತುಂಬಿಸುತ್ತಾರೆ. 4.2ಕ್ಕೆ ನಿಲ್ಲುವ ಚಾರ್ಜರಿಗೆ ಹಾಕಿದರೆ ಅದು ಎಂದೂ ಪೂರ್ತಿ ತುಂಬದು. ಇಷ್ಟೇ ಆದರೆ ಪರವಾಗಿಲ್ಲ. ಸಾಮಾನ್ಯ ಸೆಲ್ಲಿಗೆ 3.85 ಎಂಬ ಚೀಟಿ ಅಂಟಿಸಿ ಮಾರಿದರೆ ಆ ಬಡಪಾಯಿಯನ್ನು ಕ್ಯಾಮೆರಾ ಮಿತಿಮೀರಿ ತುಂಬಿಸುತ್ತಲೇ ಹೋಗುತ್ತದೆ. ಒಳಗಿನ ಸರ್ಕ್ಯೂಟು ತಡೆಯಬೇಕು. ಬೆಲೆ ಇಳಿಸಲು ಮೊದಲು ಕತ್ತರಿ ಬೀಳುವುದು ಆ ಸರ್ಕ್ಯೂಟಿಗೇ.

ತಮ್ಮ ನಮ್ಮ ಜಾಗದ ಮಾತು ಎತ್ತಿದ. ನಾನೂ ಅದನ್ನೇ ಎತ್ತುತ್ತೇನೆ. ಈ ಕ್ಯಾಮೆರಾಗಳು ನೀರಿಗೆ ಹೆದರದಿರುವುದು ಬಾಗಿಲು ಮುಚ್ಚಿದ್ದಾಗ ಮಾತ್ರ. ಬ್ಯಾಟರಿ ಬದಲಿಸಲು ಪ್ರತಿ ಸಲವೂ ಬಾಗಿಲು ತೆಗೆಯಬೇಕು. ಚಾರ್ಮಾಡಿಯ ಜಡಿಮಳೆಯಲ್ಲಿ, ಎತ್ತಿನಭುಜದ ಮಂಜಿನಲ್ಲಿ, ಒದ್ದೆ ಕೈಯಲ್ಲಿ ಎಷ್ಟು ಸಲ ತೆಗೆಯುತ್ತೀರಿ? ನಾಲ್ಕು ಸಾಧಾರಣ ಬ್ಯಾಟರಿ ಎಂದರೆ ದಿನಕ್ಕೆ ಮೂರು ಸಲ ಮಳೆಯನ್ನು ಒಳಗೆ ಕರೆದ ಹಾಗೆ. ರಬ್ಬರಿನ ಅಂಚಿನಲ್ಲಿ ಒಂದು ಮರಳಿನ ಕಣ ಕೂತರೂ ನೀರು ದಾರಿ ಮಾಡಿಕೊಳ್ಳುತ್ತದೆ. ಬಾಗಿಲು ತೆಗೆಯುವುದು ಕಡಿಮೆಯಾಗಬೇಕೆಂದರೆ ಒಂದೊಂದು ಬ್ಯಾಟರಿಯೂ ಪೂರ್ತಿ ಬಾಳಬೇಕು.

ಕಳೆ ಮೆಷಿನ್ನಿನ ಬ್ಲೇಡಿನ ಹೋಲಿಕೆ ಇಲ್ಲಿ ನಿಲ್ಲುವುದಿಲ್ಲ. ಬ್ಲೇಡು ಮೊಂಡಾದರೆ ಕಣ್ಣೆದುರೇ ಗೊತ್ತಾಗುತ್ತದೆ. ಬ್ಯಾಟರಿ ಕೆಡುವುದು ಸದ್ದಿಲ್ಲದೆ, ರಾತ್ರಿ, ಚಾರ್ಜಿಗೆ ಹಾಕಿ ಮಲಗಿದ ಮೇಲೆ. ಹಂಚಿನ ಮನೆ, ಮರದ ಅಟ್ಟ, ಪಕ್ಕದಲ್ಲಿ ಹತ್ತಿಯ ಹಾಸಿಗೆ: ಯೋಚಿಸಿ. ಹೋಲಿಸಲೇಬೇಕೆಂದರೆ ಗಿಡಕ್ಕೆ ಹೋಲಿಸಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಬೀಜಕ್ಕೆ ಹೆಸರು ಬರೆಸಿ ಕಾಯುವವರು, ರಸ್ತೆ ಬದಿಯ ಅಗ್ಗದ ಸಸಿಯನ್ನು ಯಾಕೆ ತರುವುದಿಲ್ಲ? ಮೋಸ ಗೊತ್ತಾಗುವಷ್ಟರಲ್ಲಿ ಮೂರ್ನಾಲ್ಕು ವರ್ಷ ಕಳೆದಿರುತ್ತದೆ ಎಂದಲ್ಲವೇ?

ಹಾಗಾದರೆ ಬಡವರು ಕ್ಯಾಮೆರಾ ಹಿಡಿಯಬಾರದೇ? ಹಿಡಿಯಲಿ. ಕಂಪನಿಯ ಬ್ಯಾಟರಿ ಒಂದು ಹೆಚ್ಚಿಗೆ, ಒಂದು ಒಳ್ಳೆಯ ಪವರ್ ಬ್ಯಾಂಕ್, ಇಷ್ಟು ಸಾಕು. ವೈಫೈ, ಜಿಪಿಎಸ್ ಆರಿಸಿ. ಹಿಂದಿನ ಪರದೆ ಬೇಗ ಮಲಗಲಿ. 4ಕೆ ಬೇಡದ ಕಡೆ 1080ಕ್ಕೆ ಇಳಿಸಿ. ಎಲ್ಲಕ್ಕಿಂತ ಮೊದಲು, ರೆಕಾರ್ಡ್ ನಿಲ್ಲಿಸಲು ಕಲಿಯಿರಿ. ಎಂಟು ಗಂಟೆ ನಡೆದದ್ದನ್ನು ಎಂಟು ಗಂಟೆ ಕೂತು ನೋಡುವವರು ಯಾರು?

ಪರದ ಮರುಮಾತು

ಅಣ್ಣ ಹೇಳಿದ ಓ.ಟಿ. ಮಾತನ್ನು ಒಪ್ಪಿದೆ. ಒಪ್ಪಿಯೇ ಕೇಳುತ್ತೇನೆ: ಓ.ಟಿ. ನೋಡುವ ಅವಕಾಶ ನಮಗೂ ಇದೆಯಲ್ಲ? ಹೊಸ ಬ್ಯಾಟರಿ ಬಂದ ದಿನವೇ ಪೂರ್ತಿ ತುಂಬಿಸಿ, ಕ್ಯಾಮೆರಾವನ್ನು ಕಿಟಕಿಯ ಮೇಲಿಟ್ಟು, ತಾನಾಗಿ ಆರುವ ತನಕ ರೆಕಾರ್ಡ್ ಮಾಡಿ ಹೊತ್ತು ಬರೆದುಕೊಳ್ಳಿ. ಕಂಪನಿಯ ಬ್ಯಾಟರಿಯನ್ನೂ ಅದೇ ಸೆಟ್ಟಿಂಗಿನಲ್ಲಿ ಓಡಿಸಿ. ಅದು 80 ನಿಮಿಷ ಓಡಿ ಇದು 65ಕ್ಕೆ ನಿಂತರೆ ನನಗೆ ಅಡ್ಡಿಯಿಲ್ಲ. 40ಕ್ಕೆ ನಿಂತರೆ ವಾಪಸ್ ಕಳಿಸುವ ಅವಧಿ ಮುಗಿಯುವ ಮೊದಲೇ ಕಳಿಸುತ್ತೇನೆ. ಅಕ್ಕಸಾಲಿಗರ ತಕ್ಕಡಿಯಲ್ಲಿ ಎರಡನ್ನೂ ತೂಗಿದರೂ ಗುಟ್ಟು ರಟ್ಟಾಗುತ್ತದೆ. ಸೆಲ್ ಚಿಕ್ಕದಿದ್ದರೆ ತೂಕ ಕಡಿಮೆ.

ಪವರ್ ಬ್ಯಾಂಕ್ ಒಳ್ಳೆಯದೇ. 10,000 ಎಂಎಎಚ್‌ನದು ಎಂದರೆ 37 ವ್ಯಾಟ್‌ಅವರ್. ನಷ್ಟ ಕಳೆದು ಕ್ಯಾಮೆರಾದ ಬ್ಯಾಟರಿಯನ್ನು ಮೂರು ಸಲ ತುಂಬಿಸುತ್ತದೆ. ಆದರೆ ಮಳೆಯಲ್ಲಿ ವಯರು ಚುಚ್ಚಿಕೊಂಡು ನಡೆಯಲು ಆಗುವುದಿಲ್ಲ. ಬ್ಯಾಗಿನೊಳಗೆ ಒಂದು ತುಂಬುತ್ತಿರಬೇಕು, ಕ್ಯಾಮೆರಾದಲ್ಲಿ ಇನ್ನೊಂದು ಓಡುತ್ತಿರಬೇಕು. ಅದಕ್ಕೆ ಬ್ಯಾಟರಿಯ ಸಂಖ್ಯೆಯೇ ಬೇಕು. ಇನ್ನು ಹಳೇ ಮಾದರಿಗಳಿಗೆ ಕಂಪನಿಯ ಹೊಸ ಬ್ಯಾಟರಿ ಸಿಕ್ಕುವುದೇ ಕಷ್ಟವಾದಾಗ, ಲೋಕಲ್ ಒಂದೇ ದಾರಿ. ಇಲ್ಲವಾದರೆ ಚೆನ್ನಾಗಿರುವ ಕ್ಯಾಮೆರಾವನ್ನು ಅಟ್ಟಕ್ಕೆ ಎಸೆಯಬೇಕು.

ವಿರೋಧದ ಮರುಮಾತು

ಹಳೇ ಮಾದರಿಯ ಮಾತಿಗೆ ನಾನು ಸೋತೆ. ಬೇರೆ ಗತಿಯಿಲ್ಲದಾಗ ಹೆಸರಿರುವ ಬೇರೆ ಕಂಪನಿಯದನ್ನು ಹಾಕು, ಪರೀಕ್ಷೆ ಮಾಡಿ ಹಾಕು. ಚಾರ್ಜರಿನ ವಿಷಯದಲ್ಲೂ ನನಗೆ ಹಟವಿಲ್ಲ. ಒಳ್ಳೆಯ ಹೆಸರಿನ ಎರಡು ಗೂಡಿನ ಚಾರ್ಜರ್ ಆಗಬಹುದು, ಗೋಡೆಗೆ ಚುಚ್ಚುವ ಅಡಾಪ್ಟರ್ ಮಾತ್ರ ಮೊಬೈಲಿನ ಜೊತೆ ಬಂದ ಕಂಪನಿಯದೇ ಇರಲಿ. 5 ವೋಲ್ಟ್ 1 ಆಂಪಿಯರಿನ ಹಳೆಯದಾದರೆ ಎರಡು ಬ್ಯಾಟರಿ ತುಂಬಲು ಮೂರು ಗಂಟೆಯ ಮೇಲೆ ಬೇಕು, 2 ಆಂಪಿಯರಿನದಾದರೆ ಹೆಚ್ಚುಕಡಿಮೆ ಅರ್ಧ.

ಆದರೆ ನೋಟ್ 7ರ ಉದಾಹರಣೆ ನನ್ನ ಕಡೆಗೇ ವಾಲುತ್ತದೆ. ಬೆಂಕಿ ಬಿದ್ದದ್ದು ನಿಜ. ಬಿದ್ದ ಮೇಲೆ ಆ ಕಂಪನಿ ಲೋಕವೆಲ್ಲ ಕೇಳುವಂತೆ ಫೋನುಗಳನ್ನು ವಾಪಸ್ ಕರೆಯಿತು, ಆ ಮಾದರಿಯನ್ನೇ ನಿಲ್ಲಿಸಿತು. ಹೆಸರಿದ್ದವರು ಮಾತ್ರ ವಾಪಸ್ ಕರೆಯಬಲ್ಲರು. ಹೆಸರಿಲ್ಲದ ಬ್ಯಾಟರಿ ಉಬ್ಬಿದರೆ ಯಾರನ್ನು ಕರೆಯಲಿ?

ನನ್ನ ಅಂಗಡಿಯ ಹಿಂದೆ, ಗೋಡೆಯಿಂದ ದೂರ, ಮರಳು ತುಂಬಿದ ಹಳೇ ಬಕೆಟ್ಟಿದೆ. ಗಿರಾಕಿಗಳು ಬಿಟ್ಟುಹೋದ ಉಬ್ಬಿದ ಬ್ಯಾಟರಿಗಳೆಲ್ಲ ಅದರಲ್ಲಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಸತ್ತ ಬ್ಯಾಟರಿಯ ಹೊಣೆ ಅದನ್ನು ಮಾರುಕಟ್ಟೆಗೆ ತಂದವರದ್ದು. ಬಕೆಟ್ಟಿನಲ್ಲಿ ಇರುವುದರ ಮೇಲೆ ತಂದವರ ಹೆಸರೇ ಇಲ್ಲ. ಗೊಬ್ಬರದ ಗುಂಡಿಗೆ ಹಾಕುವ ಹಾಗಿಲ್ಲ, ಹೊಡತಲೆಗೆ ಎಸೆದು ಸುಡುವ ಹಾಗಂತೂ ಇಲ್ಲವೇ ಇಲ್ಲ. ಕೊಳ್ಳುವಾಗ ಬೆಲೆ ಕಡಿಮೆ ಅನ್ನಿಸಿದ್ದು ಇದಕ್ಕೇ ತಮ್ಮ, ಕೊನೆಯ ಖರ್ಚನ್ನು ಅವರು ಅದರಲ್ಲಿ ಸೇರಿಸಿರಲೇ ಇಲ್ಲ.

ಇಬ್ಬರೂ ಒಪ್ಪಿದ್ದು

ಹೆಸರಿಲ್ಲದ್ದು ಬೇಡ, ಹೆಸರು ಕದ್ದದ್ದು ಮೊದಲೇ ಬೇಡ. ವೋಲ್ಟು ಮೂಲ ಬ್ಯಾಟರಿಯದೇ ಇರಲಿ, ಎಂಎಎಚ್ ಅದಕ್ಕಿಂತ ಬಹಳ ಹೆಚ್ಚಿದ್ದರೆ ಸಂಶಯಪಡಿ. ಪ್ರತಿ ಬ್ಯಾಟರಿಗೂ 1, 2, 3 ಎಂದು ಮಾರ್ಕರಿನಲ್ಲಿ ನಂಬರ್ ಹಾಕಿ. ಯಾವುದು ಸೊರಗುತ್ತಿದೆ ಎಂಬುದು ಆಗಲೇ ಗೊತ್ತಾಗುವುದು. ಮಲಗುವ ಮೊದಲು ಚಾರ್ಜರಿನಿಂದ ತೆಗೆಯಿರಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಎತ್ತಿಡುವುದಾದರೆ ಅರ್ಧ ತುಂಬಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ. ಸ್ವಲ್ಪ ಉಬ್ಬಿದಂತೆ ಕಂಡರೂ ಕ್ಯಾಮೆರಾದೊಳಗೆ ತುರುಕಬೇಡಿ.

ಒಪ್ಪದೆ ಉಳಿದದ್ದು ಒಂದೇ. ಕಳಸದವರು ಹೆಸರಿರುವ ಅಗ್ಗದ್ದನ್ನು ಎರಡು ಕೊಂಡು, ಓ.ಟಿ. ನೋಡಿ ಇಟ್ಟುಕೊಳ್ಳುತ್ತಾರೆ. ಮೂಡಿಗೆರೆಯವರು ಕಂಪನಿಯದನ್ನು ಒಂದೇ ಕೊಂಡು, ಕ್ಯಾಮೆರಾವನ್ನು ಆಗಾಗ ಆರಿಸಿ ಬೆಟ್ಟ ನೋಡುತ್ತಾರೆ.