ಹಳೇ ಕಂಪ್ಯೂಟರ್, ಅವಧಿ ಮುಗಿದ ಕೀಲಿ ಮತ್ತು ನಮ್ಮ ಅವಸರ



ಎರಡು ತಿಂಗಳ ಹಿಂದೆ ಒಂದು ಶನಿವಾರ ಸಂಜೆ, ಹಾಡಿನ ಅಭ್ಯಾಸ ಮುಗಿದ ಮೇಲೆ, ನಮ್ಮ ಹಾಲ್‌ನ ಕಂಪ್ಯೂಟರ್ ಮುಂದೆ ನಾವು ಮೂವರು ಕೂತಿದ್ದೆವು. ಭಾನುವಾರಕ್ಕೆ ಒಂದು ವಿಡಿಯೋ ತೋರಿಸಬೇಕಿತ್ತು. ಬ್ರೌಸರ್ ಎಷ್ಟು ಹಳೆಯದೆಂದರೆ ಆ ಪುಟವೇ ತೆರೆಯಲಿಲ್ಲ. ಸರಿ, ಅಪ್‌ಡೇಟ್ ಮಾಡೋಣ ಅಂದುಕೊಂಡೆವು. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದು ಎರಡು ವಾರ ಹಿಡಿಯಿತು. ಆ ಎರಡು ವಾರದಲ್ಲಿ ನನಗೆ ಅನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಂಪ್ಯೂಟರ್ ಗೊತ್ತಿಲ್ಲದವರೂ ದಯವಿಟ್ಟು ಕೊನೆತನಕ ಓದಿ. ವಿಷಯ ಕಂಪ್ಯೂಟರ್‌ನದ್ದು ಮಾತ್ರ ಅಲ್ಲ.

ಆ ಯಂತ್ರಕ್ಕೆ 2018ರಲ್ಲಿ ನಮ್ಮ ಅಣ್ಣನೊಬ್ಬರು ಡೆಬಿಯನ್ 9 ಹಾಕಿಕೊಟ್ಟಿದ್ದರು. ಡೆಬಿಯನ್ ಎಂದರೆ ಒಂದು ಬಗೆಯ ಲಿನಕ್ಸ್. ದುಡ್ಡು ಕೊಡಬೇಕಿಲ್ಲ, ಕನ್ನಡ ಟೈಪಿಂಗ್ ಮತ್ತು ಲೋಹಿತ್ ಕನ್ನಡ ಅಕ್ಷರ ಎರಡೂ ಅದರಲ್ಲಿ ಸಿಗುತ್ತವೆ. ನಮ್ಮ ರಾಯಕೋಟೆಯಲ್ಲಿ ಮಕ್ಕಳು ಓದುವುದು ತಮಿಳಿನಲ್ಲಿ, ಮನೆಯಲ್ಲಿ ಮಾತಾಡುವುದು ಕನ್ನಡ. ಹಾಗಾಗಿ ಹಿರಿಯರು ವರ್ಷಗಟ್ಟಲೆ ಕೂತು ಟೈಪ್ ಮಾಡಿದ ಕನ್ನಡ ಹಾಡುಗಳ ಕಡತಗಳು ಆ ಯಂತ್ರದಲ್ಲೇ ಇವೆ. ಆಮೇಲೆ ಅಣ್ಣನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಹೋದರು. 2019ರ ನಂತರ ಯಾರೂ ಅಪ್‌ಡೇಟ್ ಮಾಡಲಿಲ್ಲ. ಅವರ ತಪ್ಪಲ್ಲ. "ಇನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ?" ಎಂದು ನಾವ್ಯಾರೂ ಕೇಳಲೇ ಇಲ್ಲ.

ಅಪ್‌ಡೇಟ್ ಕೊಟ್ಟ ಕೂಡಲೇ ಮೊದಲ ತೊಂದರೆ: ವಿಳಾಸವೇ ಸಿಗಲಿಲ್ಲ. ಡೆಬಿಯನ್ 9ಕ್ಕೆ ದೀರ್ಘಾವಧಿ ಬೆಂಬಲ 2022ರ ಜೂನ್ 30ಕ್ಕೆ ಮುಗಿದಿತ್ತು, ಅದರ ಪ್ಯಾಕೇಜ್‌ಗಳನ್ನು ಹಳೆಯ ಆವೃತ್ತಿಗಳ ಭಂಡಾರಕ್ಕೆ ಸಾಗಿಸಿಬಿಟ್ಟಿದ್ದರು. ವಿಳಾಸ ಬದಲಿಸಿದೆವು. ಎರಡನೆಯದು: ಯಂತ್ರದ ಗಡಿಯಾರ ಇನ್ನೂ 2016 ತೋರಿಸುತ್ತಿತ್ತು. ಒಳಗಿನ ಬಟನ್ ಸೆಲ್ ಸತ್ತಿತ್ತು. ತಾರೀಕು ತಪ್ಪಾದರೆ ಸಹಿ "ಇನ್ನೂ ಚಾಲ್ತಿಗೆ ಬಂದಿಲ್ಲ" ಅನ್ನುತ್ತದೆ ಕಂಪ್ಯೂಟರ್. ಅದನ್ನೂ ಸರಿ ಮಾಡಿದೆವು. ಆಗ ಬಂತು ನೋಡಿ ಮೂರನೆಯದು: ಒಂದು ಕೀಲಿಯ ಅವಧಿ ಮುಗಿದಿದೆ, ಇನ್ನೊಂದು ಕೀಲಿ ನನ್ನ ಹತ್ತಿರ ಇಲ್ಲ, ಆದ್ದರಿಂದ ಈ ಭಂಡಾರವನ್ನು ನಂಬಲಾರೆ.

ಏನಿದು ಕೀಲಿ? ನಮ್ಮ ಊರಿನ ಟೊಮೇಟೊ ಮಂಡಿಯನ್ನು ನೆನೆಸಿಕೊಳ್ಳಿ. ಮಂಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಇಲಾಖೆಯವರು ಪರೀಕ್ಷಿಸಿ ಮುದ್ರೆ ಹಾಕಬೇಕು. ರೈತನಿಗೆ ತಕ್ಕಡಿಯ ಒಳಗೆ ಏನಿದೆ ಗೊತ್ತಿಲ್ಲ, ಮುದ್ರೆ ನೋಡಿ ನಂಬುತ್ತಾನೆ. ಲಿನಕ್ಸ್‌ನಲ್ಲೂ ಹೀಗೇ. ಡೆಬಿಯನ್‌ನವರು ಪ್ರತಿ ಪ್ಯಾಕೇಜ್‌ನ ಬೆರಳಚ್ಚಿನಂಥ ಸಂಖ್ಯೆಯನ್ನು ಪಟ್ಟಿ ಮಾಡುತ್ತಾರೆ. ಆ ಪಟ್ಟಿಗಳ ಸಂಖ್ಯೆಯನ್ನು ಮತ್ತೊಂದು ಮುಖ್ಯ ಕಡತದಲ್ಲಿ ಬರೆದು, ಅದಕ್ಕೆ ತಮ್ಮ ಗುಟ್ಟಿನ ಕೀಲಿಯಿಂದ ಸಹಿ ಹಾಕುತ್ತಾರೆ. ನಮ್ಮ ಯಂತ್ರದಲ್ಲಿ ಅದರ ಜೋಡಿ ಕೀಲಿ, ಅಂದರೆ ಎಲ್ಲರಿಗೂ ಕೊಡುವ ಕೀಲಿ, ಇರುತ್ತದೆ. ಸಹಿ ಹೊಂದಿದರೆ ಪಟ್ಟಿ ನಿಜ, ಪಟ್ಟಿ ಹೊಂದಿದರೆ ಪ್ಯಾಕೇಜ್ ನಿಜ. ನಡುದಾರಿಯಲ್ಲಿ ಯಾರಾದರೂ ಒಂದಕ್ಷರ ಬದಲಿಸಿದರೂ ಲೆಕ್ಕ ತಪ್ಪುತ್ತದೆ.

ಈ ಕೀಲಿಗಳಿಗೂ ಅವಧಿ ಇದೆ. ಡೆಬಿಯನ್ ಭಂಡಾರದ ಕೀಲಿಗಳಿಗೆ ಸಾಮಾನ್ಯವಾಗಿ ಎಂಟು ವರ್ಷ. 9ನೇ ಆವೃತ್ತಿಗೆಂದು 2017ರಲ್ಲಿ ಮಾಡಿದ ಕೀಲಿ 2025ರ ಮೇ ತಿಂಗಳಲ್ಲಿ ಮುಗಿಯಿತು. ಆಗಾಗ ಅಪ್‌ಡೇಟ್ ಮಾಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಹಳೇ ಕೀಲಿ ಮುಗಿಯುವ ಮೊದಲೇ ಹೊಸ ಕೀಲಿ ಮಾಮೂಲಿ ಅಪ್‌ಡೇಟ್ ಜೊತೆ ಬಂದು ಸೇರಿರುತ್ತದೆ. ಹಳಬರು ಹೊಸಬರನ್ನು ಪರಿಚಯ ಮಾಡಿಕೊಟ್ಟ ಹಾಗೆ. ವರ್ಷಗಟ್ಟಲೆ ತಿರುಗಿ ನೋಡದ ನಮ್ಮಂಥವರಿಗೆ ಮಾತ್ರ ಪರಿಚಯ ಮಾಡಿಕೊಡುವವರೂ ಹೋಗಿರುತ್ತಾರೆ, ಹೊಸಬರು ಯಾರೆಂದೂ ಗೊತ್ತಿರುವುದಿಲ್ಲ.

ನಮ್ಮ ಜೊತೆಗಿದ್ದ ಪ್ಲಸ್ ಟೂ ತಮ್ಮ ಅಷ್ಟರಲ್ಲಿ ಫೋನಿನಲ್ಲಿ ಉತ್ತರ ಹುಡುಕಿದ್ದ. "ಅಣ್ಣಾ, ಇಲ್ಲಿ 'ಟ್ರಸ್ಟೆಡ್ ಯೆಸ್' ಅಂತ ಒಂದೇ ಒಂದು ಸೇರಿಸಿದ್ರೆ ಸಾಕಂತೆ. ಚೆಕ್ಕಿಂಗೇ ಮಾಡಲ್ಲ. ಎರಡು ನಿಮಿಷ."

ಅವನಿಗೆ ಬೈಯುವ ಯೋಗ್ಯತೆ ನನಗಿರಲಿಲ್ಲ. ಬಿಎಸ್ಸಿ ಎರಡನೇ ವರ್ಷದಲ್ಲಿ ಹಾಸ್ಟೆಲ್‌ನಲ್ಲಿ ನಾನು ಮಾಡಿದ್ದೂ ಅದನ್ನೇ. ಅಸೈನ್‌ಮೆಂಟ್ ಅವಸರ. ಆಮೇಲೆ ತೆಗೆಯೋಣ ಅಂದುಕೊಂಡ ಆ ಸಾಲು ಮೂರು ವರ್ಷ ನನ್ನ ಲ್ಯಾಪ್‌ಟಾಪ್‌ನಲ್ಲೇ ಇತ್ತು. ಏನೂ ಆಗಲಿಲ್ಲ ಅಂತ ಹೇಳಬಹುದು. ಆದರೆ ಆಗಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ, ಏಕೆಂದರೆ ಕಾವಲುಗಾರನಿಗೆ "ಮಲಗು" ಎಂದು ಹೇಳಿದವನು ನಾನೇ.

ಆ ಸಂಜೆ ನಾನು ಬೇಡ ಅಂದಿದ್ದಕ್ಕೆ ಒಂದೇ ಕಾರಣ. ಹಾಸ್ಟೆಲ್‌ನ ಲ್ಯಾಪ್‌ಟಾಪ್ ನನ್ನದು, ನಷ್ಟವಾದರೆ ನನಗೇ. ಹಾಲ್‌ನ ಯಂತ್ರದಲ್ಲಿ ಜ್ಞಾನಸ್ನಾನದ ರಿಜಿಸ್ಟರಿನ ಟೈಪ್ ಮಾಡಿದ ಪ್ರತಿ ಇದೆ, ಮನೆಮನೆಯ ಫೋನ್ ನಂಬರ್ ಇದೆ, ಹುಷಾರಿಲ್ಲದವರ ಪಟ್ಟಿ ಇದೆ. ಆ ಮನೆಯವರು ನಮ್ಮನ್ನು ನಂಬಿ ಕೊಟ್ಟ ವಿವರ ಅದು. ನನ್ನ ಮನೆ ಬಾಗಿಲು ತೆರೆದಿಡುವುದು ನನ್ನ ಇಷ್ಟ. ಪಕ್ಕದ ಮನೆಯವರು ಊರಿಗೆ ಹೋಗುವಾಗ ಕೊಟ್ಟ ಬೀಗದ ಕೈ ಹಾಗಲ್ಲ.

ಇದಕ್ಕೆ ಬಂದ ಎದುರುಮಾತುಗಳನ್ನೂ ಹೇಳಿಬಿಡುತ್ತೇನೆ, ಅವುಗಳಲ್ಲಿ ಹುರುಳಿದೆ.

ಮೊದಲನೆಯದು: "ರಾಯಕೋಟೆಯ ಈ ಡಬ್ಬಾ ಕಂಪ್ಯೂಟರನ್ನು ಯಾರು ಹುಡುಕಿಕೊಂಡು ಬರುತ್ತಾರೆ?" ಯಾರೂ ನಮ್ಮ ಹೆಸರು ಕೇಳಿಕೊಂಡು ಬರುವುದಿಲ್ಲ, ನಿಜ. ಆದರೆ ಮೋಸದ ಕರೆಗಳು ಯಾರ ಹೆಸರು ಕೇಳಿ ಬರುತ್ತವೆ? ಬಲೆ ಬೀಸಿದವನಿಗೆ ಯಾವ ಮೀನು ಎಂಬ ಲೆಕ್ಕ ಇರುವುದಿಲ್ಲ. ಇಂಟರ್ನೆಟ್ಟಿಗೆ ಎಂದೂ ಸೇರಿಸದೆ ಹಾಡಿನ ಸಾಲು ತೋರಿಸಲು ಮಾತ್ರ ಬಳಸುವುದಾದರೆ ಹಾಗೇ ಬಿಡಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆಗ ಮನೆಮನೆಯ ಪಟ್ಟಿಯನ್ನು ಅದರಿಂದ ತೆಗೆದುಬಿಡಬೇಕು, ಸಿಕ್ಕಸಿಕ್ಕ ಪೆನ್‌ಡ್ರೈವ್ ಚುಚ್ಚಬಾರದು.

ಎರಡನೆಯದು: "ಸಹಿ ಇದ್ದ ಮಾತ್ರಕ್ಕೆ ಎಲ್ಲ ಸರಿಯಿರುತ್ತದಾ?" ಇರುವುದಿಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶದೊಳಗೆ ಕಳ್ಳಬಾಗಿಲು ಇಟ್ಟಿದ್ದು ಬಯಲಾಯಿತು. ಒಳಗಿನವನಾಗಿ ವಿಶ್ವಾಸ ಗಳಿಸಿದವನೇ ಅದನ್ನು ಸೇರಿಸಿದ್ದ. ಡೆಬಿಯನ್‌ನ ಪರೀಕ್ಷಾ ಆವೃತ್ತಿಗಳಿಗೆ ಅದು ಸರಿಯಾದ ಸಹಿಯೊಂದಿಗೇ ಬಂದಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಬೆನ್ನು ಹತ್ತಿ ಅದನ್ನು ಹಿಡಿದರು. ಹಾಗಾದರೆ ಸಹಿ ಹೇಳುವುದು ಇಷ್ಟೇ: ಇದು ಇಂಥವರಿಂದಲೇ ಬಂದಿದೆ, ದಾರಿಯಲ್ಲಿ ಯಾರೂ ಮುಟ್ಟಿಲ್ಲ. ಒಳ್ಳೆಯದೋ ಕೆಟ್ಟದ್ದೋ ಅದು ಹೇಳುವುದಿಲ್ಲ. ಆದರೆ ಆ ಕಳ್ಳಬಾಗಿಲನ್ನು ಮುಚ್ಚಿದ ಪ್ಯಾಕೇಜ್ ಕೂಡ ಅದೇ ಸಹಿಯ ದಾರಿಯಲ್ಲೇ ಬಂತು. ತಕ್ಕಡಿಯ ಮುದ್ರೆ ಇದ್ದರೂ ಮೋಸ ನಡೆಯಬಹುದು ಎಂದು ಮುದ್ರೆ ಹಾಕುವುದನ್ನೇ ನಿಲ್ಲಿಸಿ ಎಂದು ಯಾವ ರೈತನೂ ಕೇಳುವುದಿಲ್ಲ.

ಮೂರನೆಯದು: "ಇಷ್ಟೆಲ್ಲ ಯಾಕೆ, ಹೊಸದು ತಗೊಳ್ಳೋಣ." ದುಡ್ಡಿದ್ದರೆ ಸರಿ. ಆದರೆ ಹೊಸದನ್ನೂ ಏಳು ವರ್ಷ ಯಾರೂ ಮುಟ್ಟದಿದ್ದರೆ ಮತ್ತೆ ಇದೇ ಕಥೆ.

ನಾವು ಮಾಡಿದ್ದು ಹೀಗೆ. ಮೊದಲು ಎಲ್ಲ ಕಡತಗಳನ್ನೂ ಎರಡು ಬೇರೆ ಬೇರೆ ಡಿಸ್ಕ್‌ಗಳಿಗೆ ನಕಲು ಮಾಡಿ, ತೆರೆದು ನೋಡಿದೆವು. ನನ್ನ ಲ್ಯಾಪ್‌ಟಾಪ್‌ನಲ್ಲಿ ಡೆಬಿಯನ್ 12 ಇದೆ, ಅದು ಸರಿಯಾಗಿ ಅಪ್‌ಡೇಟ್ ಆಗುತ್ತಿರುವ ಯಂತ್ರ. ಅಲ್ಲಿಂದ ಕೀಲಿಗಳ ಪ್ಯಾಕೇಜನ್ನು, ಅದರ ಹೆಸರು ಡೆಬಿಯನ್ ಆರ್ಕೈವ್ ಕೀರಿಂಗ್, ಇಳಿಸಿಕೊಂಡೆವು. ಸಹಿಯನ್ನು ನನ್ನ ಲ್ಯಾಪ್‌ಟಾಪೇ ಪರೀಕ್ಷಿಸಿತು. ಅದನ್ನು ಪೆನ್‌ಡ್ರೈವ್‌ನಲ್ಲಿ ತಂದು ಹಳೆಯದಕ್ಕೆ ಹಾಕುವ ಮುಂಚೆ ಇನ್ನೊಂದು ಕೆಲಸ: ತಮ್ಮ ತನ್ನ ಫೋನಿನ ಡೇಟಾದಲ್ಲಿ ಡೆಬಿಯನ್‌ನ ಅಧಿಕೃತ ತಾಣ ತೆರೆದು ಕೀಲಿಯ ಬೆರಳಚ್ಚನ್ನು ಜೋರಾಗಿ ಓದಿದ, ನಾನು ಪರದೆಯ ಮೇಲೆ ಒಂದೊಂದೇ ಅಕ್ಷರ ನೋಡುತ್ತಾ ಹೋದೆ. ಒಟ್ಟು 40 ಅಕ್ಷರ. ಕೊನೆಯ ಎಂಟು ನೋಡಿದರೆ ಸಾಲದೇ ಅಂದ. ಸಾಲದು. ಕೊನೆಯ ಎಂಟು ಅಕ್ಷರ ಒಂದೇ ಆಗಿರುವ ನಕಲಿ ಕೀಲಿಗಳನ್ನು ಮಾಡುವುದು ಎಷ್ಟು ಸುಲಭ ಎಂದು 2014ರಲ್ಲೇ ಇಬ್ಬರು ಸಂಶೋಧಕರು ಮಾಡಿ ತೋರಿಸಿದ್ದಾರೆ.

ಆಮೇಲೆ 9ರಿಂದ 10, 10ರಿಂದ 11, 11ರಿಂದ 12. ಡೆಬಿಯನ್‌ನಲ್ಲಿ ಮೆಟ್ಟಿಲು ಹಾರುವಂತಿಲ್ಲ. ನಡುವೆ ಒಮ್ಮೆ ಪರದೆ ಕಪ್ಪಾಗಿ ಒಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮತ್ತೊಮ್ಮೆ ಮಾಡುವುದಾದರೆ, ಕಡತ ನಕಲು ಮಾಡಿಕೊಂಡು ಹೊಸ ಆವೃತ್ತಿಯನ್ನು ಮೊದಲಿನಿಂದ ಹಾಕುತ್ತೇನೆ. ಆಗಲೂ ಇಳಿಸಿಕೊಂಡ ಡಿಸ್ಕ್ ಇಮೇಜಿನ ಸಹಿ ನೋಡಲೇಬೇಕು. 13ನೇ ಆವೃತ್ತಿ 2025ರ ಆಗಸ್ಟ್ 9ರಂದು ಬಂದಿದೆ, ಮುಂದಿನ ಮೆಟ್ಟಿಲು ಅದೇ.

ನನ್ನ ನಿಜವಾದ ಮಾತು ಈಗ. ಇದು ಕೀಲಿಯ ತೊಂದರೆ ಅಲ್ಲ, ಹೊಣೆಯ ತೊಂದರೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳನ್ನು ನೋಡಿ. ಕೇರಳದ ಶಾಲೆಗಳಿಗೆ ಕೈಟ್ ಎಂಬ ಸರ್ಕಾರಿ ಸಂಸ್ಥೆ ಉಬುಂಟು ಆಧಾರದ ಲಿನಕ್ಸ್ ಸಿದ್ಧಮಾಡಿ ಕೊಡುತ್ತದೆ. 2019ರಲ್ಲಿ 18.04 ಆಧಾರದ್ದು, 2024ರಲ್ಲಿ 22.04 ಆಧಾರದ್ದು. ಹಳೆಯದರ ಕಾಲ ಮುಗಿಯುತ್ತಾ ಬಂದಾಗ ಹೊಸದನ್ನು ತರಲು ಅಲ್ಲಿ ಒಬ್ಬರಿದ್ದಾರೆ. ನಮ್ಮಲ್ಲಿ? ತಮಿಳುನಾಡು ಸರ್ಕಾರ 2011ರಿಂದ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಟ್ಟಿತು. ವಿಂಡೋಸ್ ಜೊತೆಗೆ ಸಿಡ್ಯಾಕ್‌ನವರ ಬಾಸ್ ಲಿನಕ್ಸ್ ಕೂಡ ಅದರಲ್ಲಿ ಬರುತ್ತಿತ್ತು. ಬಾಸ್ ಕೂಡ ಡೆಬಿಯನ್‌ನ ಮಗುವೇ. ನಮ್ಮ ಎಷ್ಟು ಮನೆಗಳ ಅಟ್ಟದ ಮೇಲೆ ಅಕ್ಕಂದಿರ, ಅಣ್ಣಂದಿರ ಆ ಲ್ಯಾಪ್‌ಟಾಪ್ ಧೂಳು ಹಿಡಿದು ಕೂತಿದೆ? ಕೊಟ್ಟವರಿದ್ದರು, ತೆಗೆದುಕೊಂಡವರಿದ್ದರು, ಆಮೇಲೆ ನೋಡಿಕೊಳ್ಳುವವರು ಯಾರು ಎಂದು ಯಾರೂ ಬರೆದಿಡಲಿಲ್ಲ.

ಬಲ್ಲವರಿಗೂ ಇದು ತಪ್ಪಿದ್ದಲ್ಲ. ಸುರಕ್ಷತೆಯ ಪರಿಣತರೇ ಬಳಸುವ ಕಾಲಿ ಲಿನಕ್ಸ್‌ನವರು 2025ರ ಏಪ್ರಿಲ್‌ನಲ್ಲಿ ತಮ್ಮ ಸಹಿಯ ಕೀಲಿ ತಮ್ಮ ಕೈಗೇ ಸಿಗದಂತಾಗಿದೆ ಎಂದು ಒಪ್ಪಿಕೊಂಡರು. ಕಳ್ಳತನವಾಗಿರಲಿಲ್ಲ, ಅವರೇ ಕಳೆದುಕೊಂಡಿದ್ದರು. ಹೊಸ ಕೀಲಿ ಮಾಡಿ, ಅದರ ಬೆರಳಚ್ಚು ಪ್ರಕಟಿಸಿ, ಎಲ್ಲ ಬಳಕೆದಾರರೂ ಕೈಯಾರೆ ಹಾಕಿಕೊಳ್ಳಿ ಎಂದರು. ನನಗೆ ಅದು ಹಿಡಿಸಿತು. "ಪರೀಕ್ಷೆ ನಿಲ್ಲಿಸಿಬಿಡಿ" ಅನ್ನಲಿಲ್ಲ. ತಪ್ಪಾಗಿದೆ, ಮತ್ತೆ ಪರಿಚಯ ಮಾಡಿಕೊಳ್ಳೋಣ, ನೀವೂ ಪರೀಕ್ಷಿಸಿ ಅಂದರು.

ಅದಕ್ಕೇ ನನ್ನ ಬೇಡಿಕೆ ಚಿಕ್ಕದು. ಪ್ರತಿ ತಿಂಗಳ ಮೊದಲ ಶನಿವಾರ, ಹಾಡಿನ ಅಭ್ಯಾಸದ ನಂತರ, ಇಪ್ಪತ್ತು ನಿಮಿಷ. ಇಬ್ಬರು ಇರಬೇಕು, ಒಬ್ಬರಿಗೆ ಮಾತ್ರ ಗೊತ್ತಿರುವ ಕೆಲಸ ಬೇಡ. ಯಂತ್ರದ ಪಕ್ಕ ಒಂದು ನೋಟ್‌ಬುಕ್ ಇರಲಿ: ತಾರೀಕು, ಏನು ಮಾಡಿದೆವು, ಏನು ಕೆಟ್ಟಿತು, ಯಾರು ಮಾಡಿದರು. ಪಾಸ್‌ವರ್ಡ್ ಮುಚ್ಚಿದ ಕವರಿನಲ್ಲಿ ಫಾದರ್ ಹತ್ತಿರ ಇರಲಿ. ನಮ್ಮಲ್ಲಿ ಪ್ರತಿ ವರ್ಷ ಯಾರಾದರೂ ಹೊಸೂರಿಗೋ ಬೆಂಗಳೂರಿಗೋ ಕೆಲಸಕ್ಕೆ ಹೋಗುತ್ತಾರೆ, ಮುಂದಿನ ವರ್ಷ ನಾನೂ ಹೋಗಬಹುದು. ಹೋಗುವವರು ಆ ನೋಟ್‌ಬುಕ್ಕನ್ನು ಕೈಗೆ ಕೊಟ್ಟು, ಹೊಸಬರನ್ನು ಜೊತೆಗೆ ಕೂರಿಸಿಕೊಂಡು ಒಮ್ಮೆ ತೋರಿಸಿ ಹೋಗಲಿ.

ನೋಟ್‌ಬುಕ್ ಕೊಂಡಾಗಿದೆ. ಮೊದಲ ಪುಟ ಬರೆದಿದ್ದು "ಎರಡು ನಿಮಿಷದ ಕೆಲಸ" ಅಂದಿದ್ದ ತಮ್ಮನೇ. 40 ಅಕ್ಷರಗಳ ಆ ಬೆರಳಚ್ಚನ್ನೂ ಪೂರ್ತಿ ಬರೆದಿದ್ದಾನೆ. ಎರಡನೇ ಹೆಸರಿನ ಜಾಗ ಇನ್ನೂ ಖಾಲಿ ಇದೆ. ಕಂಪ್ಯೂಟರ್ ಓದಿರಬೇಕೆಂದೇನೂ ಇಲ್ಲ, ಜೋರಾಗಿ ಅಕ್ಷರ ಓದಲು ಬಂದರೆ ಸಾಕು. ಮುಂದಿನ ಶನಿವಾರ ಬನ್ನಿ. ಅಟ್ಟದ ಮೇಲಿನ ಲ್ಯಾಪ್‌ಟಾಪ್ ಇದ್ದರೆ ಧೂಳು ಒರೆಸಿ ಅದನ್ನೂ ತನ್ನಿ, ನೋಡೋಣ.