ಜೆಸಿಬಿ ಕಡಿದ ಗುಡ್ಡಕ್ಕೆ ನಮ್ಮದೇ ಹುಲ್ಲು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಒಳರಸ್ತೆಗಳಲ್ಲಿ ಹೊಸ ಮನೆಗಳ ಹಿಂಬದಿಯನ್ನೊಮ್ಮೆ ನೋಡಿ. ಜೆಸಿಬಿ ನೆಟ್ಟಗೆ ಕಡಿದ ಗುಡ್ಡ, ಬೋಳು ಕೆಂಪು ಮಣ್ಣು, ಮಳೆಗಾಲ ಬಂತೆಂದರೆ ಅದಕ್ಕೊಂದು ಟಾರ್ಪಾಲು. ಮನೆಯೆದುರು ಮಾತ್ರ ಲಾನ್. ಅದಕ್ಕೆಂದು ಗದ್ದೆಯ ಮೇಲ್ಮಣ್ಣು ಲಾರಿಯಲ್ಲಿ ಬರುತ್ತದೆ, ಬೇಸಿಗೆಯಿಡೀ ಬೋರ್‌ವೆಲ್ ನೀರು ಹರಿಯುತ್ತದೆ. ಮುರಕಲ್ಲಿನ ಬಡಮಣ್ಣಿನಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆಯುವ ಊರ ಹುಲ್ಲುಗಳನ್ನು ಕೇಳುವವರಿಲ್ಲ.

ಅವುಗಳಲ್ಲಿ ಮೊದಲನೆಯದು ಲಾವಂಚ. 1980ರ ದಶಕದಲ್ಲಿ ಭೂಸವೆತಕ್ಕೆ ಅಗ್ಗದ ಪರಿಹಾರ ಹುಡುಕುತ್ತಿದ್ದ ವಿಶ್ವಬ್ಯಾಂಕಿನ ಜಾನ್ ಗ್ರೀನ್‌ಫೀಲ್ಡ್, ರಿಚರ್ಡ್ ಗ್ರಿಮ್‌ಶಾ ಅವರಿಗೆ ಅದರ ಜೀವಂತ ಉದಾಹರಣೆ ಕಂಡದ್ದು ನಮ್ಮದೇ ರಾಜ್ಯದಲ್ಲಿ. ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಲಾವಂಚ ನೆಟ್ಟು ಮಣ್ಣು ಉಳಿಸಿಕೊಂಡಿದ್ದರು. ಇಂದು ಥಾಯ್ಲೆಂಡ್, ವಿಯೆಟ್ನಾಂಗಳ ರಸ್ತೆ ಬದಿಯ ಇಳಿಜಾರುಗಳನ್ನೂ ಇದೇ ಹುಲ್ಲು ಕಾಯುತ್ತಿದೆ. ನಾವು ಅದನ್ನು ಕುಡಿಯುವ ನೀರಿನ ಪರಿಮಳಕ್ಕೆ, ದೇವರ ಅಲಂಕಾರಕ್ಕೆ ಸೀಮಿತಗೊಳಿಸಿದ್ದೇವೆ.

ಇದರ ಬೇರು ಅಡ್ಡಕ್ಕೆ ಹಬ್ಬುವುದಿಲ್ಲ, ನೇರ ಕೆಳಗಿಳಿಯುತ್ತದೆ. ಮಣ್ಣು ಸಡಿಲವಿದ್ದರೆ ವರ್ಷದೊಳಗೆ ಮೂರು ಮೀಟರ್ ಆಳಕ್ಕೂ ಹೋದೀತು. ಜೂನ್ ಮಳೆ ಹಿಡಿದ ಮೇಲೆ ಬುಡದಿಂದ ಒಡೆದ ಕಂದುಗಳನ್ನು ಇಳಿಜಾರಿಗೆ ಅಡ್ಡಲಾಗಿ ಗೇಣಿಗೂ ಕಮ್ಮಿ ಅಂತರದಲ್ಲಿ ಸಾಲು ಹಿಡಿದು ನೆಡಬೇಕು. ಬುಡಗಳು ಒಂದಕ್ಕೊಂದು ಕೂಡಿಕೊಂಡರೆ ನೀರಿನ ರಭಸ ಅಲ್ಲೇ ಮುರಿಯುತ್ತದೆ, ಹೊತ್ತು ತಂದ ಮಣ್ಣು ಸಾಲಿನ ಹಿಂದೆ ಕೂರುತ್ತದೆ. ಕೆಲವು ಮಳೆಗಾಲ ಕಳೆದರೆ ಅಲ್ಲೊಂದು ಮೆಟ್ಟಿಲೇ ಮೂಡುತ್ತದೆ. ಆಳೆತ್ತರದ ಪೊದೆ, ನೇರಳೆ ಛಾಯೆಯ ತೆನೆ: ಅಂಗಳದಂಚಿಗೆ ಇದಕ್ಕಿಂತ ಚೆಲುವಾದ ಅಲಂಕಾರ ಬೇಕೆ?

ಆದರೆ ಬಿಸಿಲು ಬೇಕೇಬೇಕು, ರಬ್ಬರ್ ನೆರಳಲ್ಲಿ ಇದು ಸೊರಗುತ್ತದೆ. ಇಳಿಜಾರು ಕಾಯಲೆಂದು ನೆಟ್ಟದ್ದನ್ನು ಬೇರಿನಾಸೆಗೆ ಅಗೆಯಲೇಬಾರದು. ಇಪ್ಪತ್ತಡಿ ನೆಟ್ಟಗೆ ಕಡಿದ ಗುಡ್ಡ ಒಳಗಿನಿಂದಲೇ ಜಾರಿದರೆ ಯಾವ ಹುಲ್ಲೂ ಅದನ್ನು ತಡೆಯದು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ತಪ್ಪಲಿನ ತೋಟಗಳಿಗೆ ನುಗ್ಗಿದಂಥ ಪ್ರವಾಹಕ್ಕೂ ಲಾವಂಚ ಉತ್ತರವಲ್ಲ. ಪ್ರತಿ ಮಳೆಗೂ ಕರಗಿ ಚರಂಡಿ, ತೋಡು ಸೇರುವ ಮೇಲ್ಪದರದ ಮಣ್ಣನ್ನು ಹಿಡಿದಿಡುವುದು ಅದರ ಕೆಲಸ, ಅದನ್ನು ಚೆನ್ನಾಗಿಯೇ ಮಾಡುತ್ತದೆ.

ಹಕ್ಕಿ, ಚಿಟ್ಟೆಗಳ ವಿಷಯ ಬಂದಾಗ ಲೆಕ್ಕ ಬೇರೆ. ದಕ್ಷಿಣದ ಲಾವಂಚದಲ್ಲಿ ಬೀಜ ಕಟ್ಟುವುದೇ ಅಪರೂಪ. ಕಳೆಯಾಗಿ ಹರಡುವುದಿಲ್ಲವೆಂಬುದು ತೋಟದವರಿಗೆ ಸಮಾಧಾನ, ಕಾಳು ಹೆಕ್ಕುವ ರಾಟವಾಳಕ್ಕೆ ಮಾತ್ರ ಅದರಿಂದ ಏನೂ ದಕ್ಕದು. ಅದಕ್ಕೆ ಪದವಿನ, ಅಂದರೆ ಮುರಕಲ್ಲಿನ ಬಯಲುಗುಡ್ಡದ, ಮುಳಿಹುಲ್ಲು ಮತ್ತು ಅದರ ಜತೆಗೆ ಏಳುವ ಕಾಡುಹುಲ್ಲುಗಳೇ ಬೇಕು. ಸಂಜೆಗತ್ತಲಲ್ಲಿ ಹಾರುವ ಕಂದುಚಿಟ್ಟೆಗಳ ಮರಿಹುಳು ತಿನ್ನುವುದು ಹುಲ್ಲಿನ ಗರಿಯನ್ನೇ. ಮೂಡುಬಿದಿರೆ ಬಳಿಯ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿ ಕಟ್ಟಿದ ಚಿಟ್ಟೆ ಪಾರ್ಕ್ ತೋರಿಸಿಕೊಟ್ಟದ್ದೂ ಇದನ್ನೇ: ಮರಿಹುಳುವಿಗೆ ಆಹಾರದ ಗಿಡ ಇದ್ದರೆ ಚಿಟ್ಟೆ ತಾನಾಗಿ ಬರುತ್ತದೆ.

ಹಿಂದೆ ಕೃಷಿ ಜಮೀನಿಗೆ ತಾಗಿಕೊಂಡ ಸರ್ಕಾರಿ ಕುಮ್ಕಿ ಗುಡ್ಡೆಗಳ ಮುಳಿಯನ್ನು ಮನೆಯ ಮಾಡಿಗೆಂದು ವರ್ಷವೂ ಕೊಯ್ಯುತ್ತಿದ್ದರು. ಹೆಂಚು ಬಂತು, ತಾರಸಿ ಬಂತು, ಮುಳಿ ಬೇಡವಾಯಿತು. ಹುಲ್ಲಿದ್ದ ಪದವು ಸರ್ಕಾರದ ಕಣ್ಣಿಗೆ ಬಂಜರಾಗಿ, ಕೆಲವೆಡೆ ಅಕೇಶಿಯಾ ತೋಪಾಯಿತು, ಕೆಲವೆಡೆ ಕಲ್ಲಿನ ಕೋರೆಯಾಯಿತು. ನೇತ್ರಾವತಿಗೆ ನೀರೂಡುವ ಕುದುರೆಮುಖದ ಹುಲ್ಲುಗಾವಲನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಕಾಪಾಡಿದೆವು. ಅದೇ ನದಿಯ ಕೆಳದಂಡೆಯ ಹುಲ್ಲಿಗೆ ಬೆಲೆಯೇ ಇಲ್ಲ. ಇದು ನನಗೆ ಒಪ್ಪಲಾಗದ ತಾರತಮ್ಯ.

ಆಗಬೇಕಾದದ್ದು ದೊಡ್ಡ ಯೋಜನೆಯೇನಲ್ಲ. ಅರಣ್ಯ ಇಲಾಖೆಯ ನರ್ಸರಿಗಳು ಜುಲೈ ಮೊದಲ ವಾರದ ವನಮಹೋತ್ಸವಕ್ಕೆ ಸಸಿಗಳ ಜತೆ ಲಾವಂಚದ ಕಂದುಗಳನ್ನೂ ಕೊಡಲಿ. ಗುಡ್ಡ ಕಡಿದು ಮನೆ ಕಟ್ಟುವವರಿಗೆ ಪಂಚಾಯಿತಿ ಪರವಾನಗಿ ಕೊಡುವಾಗಲೇ, ಇಳಿಜಾರನ್ನು ಓರೆಯಾಗಿಸಿ ಹುಲ್ಲಿನ ಸಾಲು ನೆಡಬೇಕೆಂಬ ಷರತ್ತು ಹಾಕಲಿ. ಶಾಲೆ, ದೇವಸ್ಥಾನ, ಬಸದಿಗಳ ಸುತ್ತಲಿನ ಖಾಲಿ ಜಾಗದಲ್ಲಿ ಒಂದು ತುಂಡನ್ನಾದರೂ ಮುಳಿಗೆ ಬಿಟ್ಟು, ಕಾಳು ಉದುರಿದ ಮೇಲೆ, ಬೇಸಿಗೆಯ ಬೆಂಕಿಗೆ ಮುಂಚೆ ಕೊಯ್ದು ತೋಟದ ಗಿಡಗಳ ಬುಡಕ್ಕೆ ಹಾಸಲಿ.