ಎದುರು ಮನೆಯಿಂದ ಬಂದ ಕ್ರಿಸ್‌ಮಸ್ ತಟ್ಟೆ

‘ನಮ್ಮ ಎದುರು ಫ್ಲ್ಯಾಟ್‌ನಲ್ಲಿ ಮಂಗಳೂರು ಕಡೆಯ ಕ್ರೈಸ್ತರಿದ್ದಾರೆ. ಕ್ರಿಸ್‌ಮಸ್‌ಗೆ ತಟ್ಟೆ ತುಂಬಾ ತಿಂಡಿ ಕಳಿಸ್ತಾರೆ. ನಾವು ಮೊಟ್ಟೆ ತಿನ್ನೋದಿಲ್ಲ. ಬೇಡ ಅನ್ನೋಕೆ ನಾಲಿಗೆ ಬರಲ್ಲ. ನಗುನಗುತ್ತಾ ತಗೊಂಡು, ಮಾರನೇ ದಿನ ಕೆಲಸದವಳಿಗೆ ಕೊಟ್ಟುಬಿಡ್ತೀನಿ. ತಪ್ಪಾ?’

ಡಿಸೆಂಬರ್ ಬಂತೆಂದರೆ ಗೃಹಿಣಿಯರ ಹರಟೆಯಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತದೆ. ತಿಂಡಿಯೇನೂ ದಂಡವಾಗಲಿಲ್ಲ, ಇನ್ನೊಬ್ಬರ ಮನೆಯ ಮಕ್ಕಳು ತಿಂದರು, ಅದರಲ್ಲಿ ತಪ್ಪೇನು ಎನ್ನಬಹುದು. ಆದರೆ ತಟ್ಟೆಯಲ್ಲಿ ಏನಿದೆ ಅಂತ ಒಮ್ಮೆಯಾದರೂ ನೋಡಿದ್ದೀರಾ? ನೋಡಿದ್ದರೆ ಅದರಲ್ಲಿ ಅರ್ಧ ಭಾಗ ನಿಮ್ಮ ಮನೆಯ ದೀಪಾವಳಿ ತಿಂಡಿಯೇ ಎಂದು ಗೊತ್ತಾಗುತ್ತಿತ್ತು!

ಕರಾವಳಿಯ ಕ್ಯಾಥೊಲಿಕರು ಈ ತಿಂಡಿಗಳಿಗೆಲ್ಲ ಸೇರಿಸಿ ‘ಕುಸ್ವಾರ್’ ಎನ್ನುತ್ತಾರೆ. ಪೋರ್ಚುಗೀಸರು ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟಕ್ಕೆ ಹೇಳುವ ‘ಕೊನ್ಸುವಾದ’ ಎಂಬ ಮಾತಿನಿಂದ ಆ ಹೆಸರು ಬಂತಂತೆ. ಇವರ ಹಿರಿಯರು ಗೋವಾದಿಂದ ದಕ್ಷಿಣಕ್ಕೆ ಬಂದು ಮಂಗಳೂರು, ಉಡುಪಿ ಸುತ್ತ ನೆಲೆಸಿದವರು. ಹೆಸರು ಪೋರ್ಚುಗೀಸರದಾದರೂ ಬಾಣಲೆ ನಮ್ಮದೇ. ನೆವ್ರಿ ಅಂದರೆ ನಮ್ಮ ಕರ್ಜಿಕಾಯಿ. ಮೈದಾ ಹಿಟ್ಟಿನ ಹೊದಿಕೆ, ಒಳಗೆ ಎಳ್ಳು, ಕೊಬ್ಬರಿ, ಸಕ್ಕರೆ, ಏಲಕ್ಕಿ, ಕೈ ದೊಡ್ಡದಿದ್ದರೆ ಗೋಡಂಬಿ, ದ್ರಾಕ್ಷಿ. ತುಕ್ಡಿ ಅಂದರೆ ನಮ್ಮ ಶಂಕರಪೋಳಿಯ ತಂಗಿ. ಚಕ್ಲಿಗೆ ಪರಿಚಯವೇ ಬೇಡ. ಎಳ್ಳಿನ ಲಾಡೂ ಇರುತ್ತದೆ. ಪೆರಾದ್ ಎಂದರೆ ಸೀಬೆಹಣ್ಣಿನ ತಿರುಳಿಗೆ ಸಕ್ಕರೆ ಹಾಕಿ ತಳ ಬಿಡುವವರೆಗೆ ಕೆದಕಿ ಮಾಡಿದ ಬರ್ಫಿ, ಅಷ್ಟೆ.

ಕಿಡ್ಯೊ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚೇ ಹೇಳಬೇಕು. ಕೊಂಕಣಿಯಲ್ಲಿ ಕಿಡೊ ಅಂದರೆ ಹುಳ. ಹೆಸರು ಕೇಳಿ ಮುಖ ಹಿಂಡಬೇಡಿ! ತೆಂಗಿನ ಹಾಲಿನಲ್ಲಿ ಕಲಸಿದ ಮೈದಾ ಹಿಟ್ಟಿನ ಪುಟ್ಟ ಉಂಡೆಯನ್ನು ಫೋರ್ಕಿನ ಬೆನ್ನಿನ ಮೇಲೋ, ಇದಕ್ಕೆಂದೇ ತೆಗೆದಿಟ್ಟ ಹೊಸ ಬಾಚಣಿಗೆಯ ಮೇಲೋ ಒತ್ತಿ ಸುರುಳಿ ಸುತ್ತುತ್ತಾರೆ. ಗೀರುಗೀರಾದ ಆ ಸುರುಳಿಯನ್ನು ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಿದರೆ ಕಿಡ್ಯೊ. ಒಂದೊಂದೂ ಬೆರಳ ತುದಿಯಷ್ಟು. ಒಂದು ಕಿಲೋ ಹಿಟ್ಟು ಮುಗಿಸಲು ನಾಲ್ಕೈದು ಜನಕ್ಕೆ ಒಂದು ಸಂಜೆ ಬೇಕು. ಊರಲ್ಲಾದರೆ ಅತ್ತೆ, ನಾದಿನಿ, ಮಕ್ಕಳು ಎಲ್ಲ ಮೇಜಿನ ಸುತ್ತ ಕೂತು ಸುತ್ತುತ್ತಿದ್ದರು. ಬೆಂಗಳೂರಿನ ಎರಡು ಬೆಡ್‌ರೂಮಿನ ಮನೆಯಲ್ಲಿ, ಆಫೀಸಿಂದ ಬಂದ ಮೇಲೆ, ಟಿ.ವಿ. ಮುಂದೆ ಕೂತು ಒಬ್ಬಳೇ ಸುತ್ತಬೇಕು. ನಿಮ್ಮ ತಟ್ಟೆಯಲ್ಲಿ ಒಂದು ಹಿಡಿ ಕಿಡ್ಯೊ ಇದ್ದರೆ ಅದರಲ್ಲಿ ಆಕೆಯ ಅರ್ಧ ಗಂಟೆ ಇದೆ ಎಂದಿಟ್ಟುಕೊಳ್ಳಿ. ಗಂಡಸರು, ಬೆಳೆದ ಮಕ್ಕಳು ಕೈ ಹಾಕಬಾರದೇ ಎಂದು ಕೇಳಬಹುದು. ಖಂಡಿತ ಹಾಕಬೇಕು. ಅದು ಇನ್ನೊಂದು ವಾರದ ಜಗಳ, ಬಿಡಿ.

ಈಗ ಮೊಟ್ಟೆಯ ವಿಷಯ. ಪ್ಲಮ್ ಕೇಕಿನಲ್ಲಿ ಮೊಟ್ಟೆ ಇರುತ್ತದೆ. ಅದರ ಒಣಹಣ್ಣುಗಳನ್ನು ಸಾಮಾನ್ಯವಾಗಿ ರಮ್ಮಿನಲ್ಲೋ ವೈನಿನಲ್ಲೋ ನೆನೆಸಿರುತ್ತಾರೆ ಅನ್ನೋದೂ ನೆನಪಿರಲಿ. ಗೋಡಂಬಿಯ ಮ್ಯಾಕರೂನ್‌ಗೆ ಮೊಟ್ಟೆಯ ಬಿಳಿಯೇ ಜೀವ. ಹೂವಿನಂತೆ ಕಾಣುವ ಕೊಕ್ಕಿಸಾಂ, ಅಂದರೆ ರೋಸ್ ಕುಕೀಸ್, ಹಿಟ್ಟಿಗೂ ಹೆಚ್ಚಿನವರು ಮೊಟ್ಟೆ ಹಾಕುತ್ತಾರೆ. ಕಿಡ್ಯೊಗೆ ಕೆಲವರು ಹಾಕುತ್ತಾರೆ, ಕೆಲವರು ಇಲ್ಲ. ನೆವ್ರಿ, ಚಕ್ಲಿ, ಎಳ್ಳಿನ ಲಾಡು, ಪೆರಾದ್‌ಗೆ ಮೊಟ್ಟೆಯ ಕೆಲಸವೇ ಇಲ್ಲ. ಆದರೂ ಒಂದೊಂದು ಮನೆಯ ಕೈ ಒಂದೊಂದು ಥರ, ಕೇಳಿಯೇ ತಿನ್ನಿ. ಇನ್ನೊಂದು ಮಾತು, ಎಲ್ಲವನ್ನೂ ಒಂದೇ ಎಣ್ಣೆಯಲ್ಲಿ ಕರಿದಿರಬಹುದು. ಅಷ್ಟು ಕಟ್ಟುನಿಟ್ಟು ನಿಮ್ಮ ಮನೆಯಲ್ಲಿದ್ದರೆ ಅದನ್ನೂ ಹೇಳಿಬಿಡುವುದು ಒಳ್ಳೇದು.

ಹೇಳೋದೇ ಕಷ್ಟ ಅಂತೀರಾ? ಹೇಳದೇ ಇದ್ದರೆ ಏನಾಗುತ್ತೆ ನೋಡಿ. ನನಗೆ ಪರಿಚಯದ ಉಡುಪಿ ಕಡೆಯ ಮಹಿಳೆಯೊಬ್ಬರು ತಮ್ಮ ಅಪಾರ್ಟ್‌ಮೆಂಟಿನ ಆರು ಮನೆಗೆ ಪ್ರತಿ ವರ್ಷ ಕುಸ್ವಾರ್ ಕಳಿಸುತ್ತಿದ್ದರು. ಎಲ್ಲ ಮನೆಗೂ ಕೆಲಸಕ್ಕೆ ಬರುವಾಕೆ ಒಬ್ಬಳೇ. ಒಮ್ಮೆ ಹಬ್ಬ ಕಳೆದ ಮೇಲೆ ಆಕೆ ಏನೂ ಅರಿಯದೆ, ‘ಅಮ್ಮಾ, ಈ ಸಲ ನಿಮ್ಮನೆ ತಿಂಡಿ ನಂಗೆ ನಾಲ್ಕು ಕಡೆಯಿಂದ ಸಿಕ್ತು, ಮಕ್ಕಳಿಗೆ ಖುಷಿಯೋ ಖುಷಿ’ ಅಂದಳಂತೆ. ಇವರು ನಕ್ಕರು. ಯಾರ ಮೇಲೂ ಬೇಜಾರು ಮಾಡಿಕೊಳ್ಳಲಿಲ್ಲ. ಮರುವರ್ಷ ಆಕೆಯ ಪಾಲಿನ ದೊಡ್ಡ ಡಬ್ಬಿ ಬೇರೆಯೇ ಹೋಯಿತು. ಆರು ಮನೆಗೆ ಬೇಕರಿಯಿಂದ ತಂದ ಸ್ವೀಟ್ ಬಾಕ್ಸ್, ಮೇಲೆ ಒಂದು ಕಾರ್ಡು. ಮನೆಯವರ್‍ಯಾರೂ ಗಮನಿಸಲೂ ಇಲ್ಲ.

ಸಮುದ್ರದ ಕಡೆಯ ಊರುಗಳಲ್ಲಿ ಈ ಸಂಕೋಚ ಇಷ್ಟಿಲ್ಲ. ಅಲ್ಲಿ ಹೆಂಗಸರು ಗೇಟಿನ ಹತ್ತಿರವೇ, ‘ಬಾಯಿ, ನಮ್ಗೆ ಮೊಟ್ಟೆ ಹಾಕದ್ದು ಮಾತ್ರ ಕೊಡಿ ಆಯ್ತಾ’ ಅಂತಾರೆ. ಕ್ರೈಸ್ತ ಹೆಂಗಸರನ್ನು ಅಲ್ಲಿ ಗೌರವದಿಂದ ಕರೆಯುವುದು ‘ಬಾಯಿ’ ಎಂದೇ. ಅವರೂ ಅದನ್ನು ಅವಮಾನ ಅಂದುಕೊಳ್ಳದೆ ಆ ಮನೆಗೆಂದು ನೆವ್ರಿ, ಚಕ್ಲಿಯನ್ನು ಮೊದಲೇ ಕರಿದು ಬೇರೆ ಡಬ್ಬಿಗೆ ಹಾಕಿಡುತ್ತಾರೆ. ಅಕ್ಕಪಕ್ಕ ಬಾಳುವವರಿಗೆ ಇದೆಲ್ಲ ಲೆಕ್ಕಕ್ಕೇ ಬರೋಲ್ಲ.

ಹಾಗಾಗಿ ನನ್ನ ಸಲಹೆ ಇದು. ತಟ್ಟೆ ಬರುವವರೆಗೆ ಕಾಯಬೇಡಿ. ಡಿಸೆಂಬರ್ ಮೊದಲ ವಾರದಲ್ಲಿ, ಅವರ ಬಾಲ್ಕನಿಯಲ್ಲಿ ನಕ್ಷತ್ರದ ಗೂಡುದೀಪ ಕಂಡ ಕೂಡಲೇ, ಲಿಫ್ಟಿನಲ್ಲಿ ಸಿಕ್ಕಾಗ ಮಾತು ತೆಗೆಯಿರಿ. ‘ಈ ಸಲ ನೆವ್ರಿ ಮಾಡ್ತೀರಾ? ನಮ್ಮನೇಲಿ ಮೊಟ್ಟೆ ನಡೆಯೋಲ್ಲ, ಆದ್ರೆ ನೆವ್ರಿ ಅಂದ್ರೆ ಮಕ್ಕಳಿಗೆ ಇಷ್ಟ’ ಅನ್ನಿ. ಹೆಸರು ಹಿಡಿದು ಕೇಳಿದರೆ ಮಾಡಿದವಳಿಗೆ ಆಗುವ ಸಂತೋಷವೇ ಬೇರೆ. ಕಿಡ್ಯೊ ಸುತ್ತುವ ದಿನ ನಮ್ಮ ಹುಡುಗಿಯನ್ನೂ ಕಳಿಸ್ತೀನಿ ಅಂದರಂತೂ ಮುಗಿದೇ ಹೋಯಿತು! ಮನೆಯಲ್ಲಿ ಮಡಿಯ ಅತ್ತೆಯಿದ್ದು, ಹೊರಗೆ ಬೇಯಿಸಿದ್ದು ಯಾವುದೂ ಒಳಗೆ ಬರಬಾರದು ಎನ್ನುವವರಾದರೆ ಅದನ್ನೂ ಮುಚ್ಚಿಡಬೇಡಿ. ‘ಅತ್ತೆಗೆ ಆಗೋಲ್ಲ, ನಾನೇ ನಿಮ್ಮನೆಗೆ ಬಂದು ತಿಂತೀನಿ’ ಎಂದು ಹಬ್ಬದ ದಿನ ಹೋಗಿ ಗೋದಲಿ ನೋಡಿ, ಎರಡು ಚಕ್ಲಿ ತಿಂದು ಬನ್ನಿ. ಗೋದಲಿಯ ಗದ್ದೆಗೆಂದು ಮಕ್ಕಳು ಮೊಳಕೆ ಬರಿಸಿದ ರಾಗಿ ಪೈರನ್ನು ನೋಡಲಾದರೂ ಹೋಗಬೇಕು.

‘ಅವರೂ ಈಗ ಅಂಗಡಿಯಿಂದ ತಂದು ಹಂಚ್ತಾರೆ, ಮೊದಲಿನ ಹಾಗೆಲ್ಲಿ?’ ಎನ್ನುವವರಿದ್ದಾರೆ. ತರಲಿ ಬಿಡಿ. ಮನೆಯಲ್ಲೇ ಕುಸ್ವಾರ್ ಮಾಡಿ ಕಿಲೋ ಲೆಕ್ಕದಲ್ಲಿ ಮಾರುವ ಹೆಂಗಸರಿದ್ದಾರೆ. ಕೊಂಡದ್ದರಿಂದ ಅವರ ಕೈಗೆ ನಾಲ್ಕು ಕಾಸು ಸೇರುತ್ತದೆ. ನಾವು ಎಳ್ಳು-ಬೆಲ್ಲವನ್ನು ಪ್ಯಾಕೆಟ್ಟಿನಲ್ಲಿ ತಂದು ಬೀರುವುದಿಲ್ಲವೇ?

ಎಳ್ಳು-ಬೆಲ್ಲ ಅಂದಾಗ ನೆನಪಾಯಿತು. ಬಂದ ತಟ್ಟೆಯನ್ನು ಖಾಲಿ ವಾಪಸ್ ಮಾಡಬಾರದು ಅಂತ ಅವತ್ತೇ ಎರಡು ಚಮಚ ಸಕ್ಕರೆ ಹಾಕಿ ಕೊಡುವ ಆತುರ ಬೇಡ. ಕ್ರಿಸ್‌ಮಸ್ ಆಗಿ ಮೂರೇ ವಾರಕ್ಕೆ ಸಂಕ್ರಾಂತಿ. ತಟ್ಟೆ ನಿಮ್ಮಲ್ಲೇ ಇರಲಿ. ಸಕ್ಕರೆ ಅಚ್ಚು, ಕಬ್ಬಿನ ತುಂಡು, ಎಳ್ಳು-ಬೆಲ್ಲ ತುಂಬಿ ನೀವೇ ಹೋಗಿ ಕೊಡಿ. ಮೇಲೆ ಮುಚ್ಚಿದ್ದ ಕ್ರೋಶಾ ಬಟ್ಟೆಯನ್ನು ಒಗೆದು ಮಡಿಸಿಡಲು ಮರೆಯಬೇಡಿ, ಅದು ಅವರ ತಾಯಿ ಹೆಣೆದದ್ದಿರಬಹುದು. ನೆವ್ರಿಯನ್ನು ಮಾತ್ರ ಅಲ್ಲಿವರೆಗೆ ಇಡಬೇಡಿ. ಹಸಿ ಕಾಯಿ ಹಾಕಿದ್ದರೆ ಬೇಗ ಮುಗ್ಗಲು ವಾಸನೆ ಬರುತ್ತದೆ, ಮೊದಲ ಎರಡು ಮೂರು ದಿನದಲ್ಲೇ ತಿಂದು ಮುಗಿಸಿ. ಕಿಡ್ಯೊ, ಚಕ್ಲಿಯಾದರೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಎರಡು ವಾರ ಧಾರಾಳವಾಗಿ ಇರುತ್ತವೆ, ಮಕ್ಕಳ ಕೈಗೆ ಸಿಗದಿದ್ದರೆ.